ಕಾರಿನ ಒಡೆದ ಮುಂದಿನ ಗಾಜು ಬದಲಿಸುವುದು ಹೇಗೆ: ಬಿಚ್ಚುವುದರಿಂದ ಅಂಟು ಗಟ್ಟಿಯಾಗುವವರೆಗೆ

ಪಕ್ಕದ ಸೀಟಿನ ಕಾಲಡಿಯ ಕಾರ್ಪೆಟ್ ಮುಗ್ಗಲು ವಾಸನೆ ಹೊಡೆಯತೊಡಗಿದಾಗ ನನಗೆ ಮೊದಲು ಅನುಮಾನ ಬಂದದ್ದು ಏಸಿಯ ನೀರಿನ ಪೈಪಿನ ಮೇಲೆ. ಅದು ಸರಿಯಾಗಿಯೇ ಇತ್ತು. ಕೊನೆಗೆ ಒಬ್ಬರು ಹೊರಗಿನಿಂದ ಮುಂದಿನ ಗಾಜಿನ ಮೇಲೆ ನೀರು ಬಿಡುತ್ತಾ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕೂತಾಗ ಗುಟ್ಟು ಹೊರಬಿತ್ತು. ಗಾಜಿನ ಮೇಲಿನ ಮೂಲೆಯಿಂದ ಹನಿಯೊಂದು ಪಕ್ಕದ ಕಂಬದ ಹೊದಿಕೆಯೊಳಗೆ ಇಳಿದು, ಯಾರ ಕಣ್ಣಿಗೂ ಬೀಳದೆ ಕಾರ್ಪೆಟ್ ಸೇರುತ್ತಿತ್ತು. ಆ ಗಾಜನ್ನು ಏಳೆಂಟು ತಿಂಗಳ ಹಿಂದಷ್ಟೇ ಬದಲಾಯಿಸಿಕೊಂಡಿದ್ದೆ. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿ ಕೀ ಕೈಗಿತ್ತಿದ್ದರು, ನಾನೂ ಖುಷಿಯಾಗಿ ಓಡಿಸಿಕೊಂಡು ಬಂದಿದ್ದೆ. ಈಗ ಬಿಚ್ಚಿ ನೋಡಿದರೆ ಹೊಸ ಅಂಟು ಧೂಳಿನ ಮೇಲೆ ಕೂತಿತ್ತು. ಉಗುರಿನಿಂದ ಎತ್ತಿದರೆ ಗೇಣುದ್ದದ ಪಟ್ಟಿ ಹಾಗೇ ಎದ್ದು ಬಂತು. ಅದರ ಕೆಳಗೆ, ಬ್ಲೇಡು ಗೀಚಿದ ಗೆರೆಯುದ್ದಕ್ಕೂ ತುಕ್ಕು.

ಆ ಗಾಜನ್ನು ಮತ್ತೆ ಕೂರಿಸುವಾಗ ಈ ಕೆಲಸದಲ್ಲಿ ಪಳಗಿದ ಗೆಳೆಯನ ಜೊತೆ ನಾನೂ ಕೈಹಾಕಿದೆ. ಆಮೇಲೆ ಇನ್ನೂ ಕೆಲವು ಗಾಡಿಗಳಿಗೆ ಅವನ ಕೈಯಾಳಾಗಿ ನಿಂತಿದ್ದೇನೆ. ಗಾಜನ್ನು ಎತ್ತಿ ಕೂರಿಸುವುದು ಎರಡು ನಿಮಿಷದ ಕೆಲಸ. ಅದಕ್ಕೆ ಮುಂಚಿನ ಶುಚಿ, ಆಮೇಲಿನ ಕಾಯುವಿಕೆ, ದಿನ ಹಿಡಿಯುವುದು ಇವೆರಡೇ. ನೀವೇ ಮಾಡುವುದಿರಲಿ, ಮಾಡುವವರ ಪಕ್ಕದಲ್ಲಿ ನಿಂತು ನೋಡುವುದಿರಲಿ, ಕಣ್ಣಿಡಬೇಕಾದದ್ದು ಅಲ್ಲಿಯೇ.

ಈ ಗಾಜು ಮಾಡುವ ಕೆಲಸ

ಪಕ್ಕದ ಕಿಟಕಿಯ ಗಾಜು ಒಡೆದರೆ ಹರಳುಹರಳಾಗಿ ಉದುರುತ್ತದೆ. ಮುಂದಿನದು ಹಾಗಲ್ಲ. ತಲಾ ಎರಡು ಮಿಲಿಮೀಟರ್ ಆಸುಪಾಸಿನ ಎರಡು ಗಾಜಿನ ಹಾಳೆಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಇರುತ್ತದೆ, ಸಾಮಾನ್ಯವಾಗಿ 0.76 ಮಿ.ಮೀ. ದಪ್ಪ. ಏಟು ಬಿದ್ದರೆ ಜೇಡರಬಲೆಯಂತೆ ಬಿರುಕು ಹರಡಿದರೂ ಚೂರುಗಳು ಆ ಪದರಕ್ಕೆ ಕಚ್ಚಿಕೊಂಡೇ ಇರುತ್ತವೆ. ಫ್ರೆಂಚ್ ರಸಾಯನತಜ್ಞ ಎಡ್ವಾರ್ ಬೆನೆಡಿಕ್ಟಸ್ 1903ರಲ್ಲಿ ಪ್ರಯೋಗಾಲಯದಲ್ಲಿ ಫ್ಲಾಸ್ಕೊಂದನ್ನು ಕೆಡವಿದಾಗ, ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟ್ ಪೊರೆಯಿಂದಾಗಿ ಅದು ಒಡೆದರೂ ಚದುರಲಿಲ್ಲವಂತೆ. ಈ ಗಾಜಿನ ಹುಟ್ಟಿಗೆ ಎಲ್ಲರೂ ಹೇಳುವ ಕಥೆ ಅದು.

ಗಾಡಿ ಪಲ್ಟಿಯಾದರೆ ಛಾವಣಿ ಕುಸಿಯದಂತೆ ತಡೆಯುವುದರಲ್ಲಿ ಈ ಗಾಜಿಗೂ ಪಾಲಿದೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಹಲವು ಕಾರುಗಳಲ್ಲಿ ಮೇಲಕ್ಕೆ ಚಿಮ್ಮಿ, ಗಾಜಿಗೆ ಒರಗಿಯೇ ಕೂತವರ ಕಡೆಗೆ ತಿರುಗುತ್ತದೆ. ಅಂಟು ಬಿಟ್ಟುಕೊಂಡರೆ ಗಾಜು ಹೊರಗೆ ಹಾರುತ್ತದೆ, ಏರ್‌ಬ್ಯಾಗ್ ಅದರ ಹಿಂದೆಯೇ ಹೋಗುತ್ತದೆ. ನನ್ನ ಕಾರು ಏಳೆಂಟು ತಿಂಗಳು ಓಡಿದ್ದು ಇಂಥ ಗಾಜಿನ ಜೊತೆ. ಸೋರಿದ ನೀರು ಅದರ ಮುಂದೆ ಏನೂ ಅಲ್ಲ.

ಬದಲಿಸಲೇಬೇಕೇ?

ಕಲ್ಲು ಸಿಡಿದು ಆದ ಸಣ್ಣ ಚಿಪ್ಪು, ಒಂದು ನಾಣ್ಯದಡಿ ಮುಚ್ಚಿಹೋಗುವಷ್ಟಿದ್ದರೆ, ರೆಸಿನ್ ತುಂಬಿ ಸರಿಮಾಡಬಹುದು. ಗೇಣಿಗಿಂತ ಚಿಕ್ಕ ಬಿರುಕೂ ಹಲವು ಸಲ ನಿಲ್ಲುತ್ತದೆ. ಆದರೆ ಬಿರುಕು ಗಾಜಿನ ಅಂಚನ್ನು ಮುಟ್ಟಿದ್ದರೆ, ಚಾಲಕನ ಕಣ್ಣಿನ ನೇರಕ್ಕಿದ್ದರೆ, ಕ್ಯಾಮೆರಾದ ಎದುರಿಗಿದ್ದರೆ ಅಥವಾ ಒಳಗಿನ ಹಾಳೆಗೂ ಇಳಿದಿದ್ದರೆ ರಿಪೇರಿಯ ಆಸೆ ಬಿಡಿ. ಒಳಗಿನಿಂದ ಬೆರಳಾಡಿಸಿದಾಗ ಬಿರುಕು ತಟ್ಟಿದರೆ ಎರಡೂ ಹಾಳೆ ಹೋಗಿವೆ ಎಂದೇ ಅರ್ಥ. ಚಿಪ್ಪನ್ನು ತುಂಬಿಸುವವರೆಗೆ ಅದರ ಮೇಲೆ ಪಾರದರ್ಶಕ ಟೇಪ್ ಅಂಟಿಸಿಡಿ. ಧೂಳು, ನೀರು ಒಳಹೊಕ್ಕರೆ ರೆಸಿನ್ ಹಿಡಿಯುವುದಿಲ್ಲ.

ಗಾಜು ತರಿಸುವ ಮುನ್ನ

ಒಂದೇ ಮಾಡೆಲ್ಲಿಗೆ ನಾಲ್ಕೈದು ಬಗೆಯ ಮುಂದಿನ ಗಾಜು ಇರುವುದುಂಟು. ಮಳೆ ಸೆನ್ಸರ್ ಇದೆಯೇ, ಕನ್ನಡಿಯ ಹಿಂದೆ ಕ್ಯಾಮೆರಾ ಇದೆಯೇ, ಶಬ್ದ ತಡೆಯುವ ಅಕೌಸ್ಟಿಕ್ ಪದರವೇ, ಬಿಸಿಯಾಗುವ ತಂತಿ ಅಥವಾ ಆಂಟೆನಾ ಅಡಗಿದೆಯೇ ನೋಡಿಕೊಳ್ಳಿ. ವೇಗದ ಅಂಕಿ ಗಾಜಿನ ಮೇಲೆಯೇ ಮೂಡುವ ಹೆಡ್‌ಅಪ್ ಡಿಸ್‌ಪ್ಲೇ ಇದ್ದರೆ ಇನ್ನೂ ಹುಷಾರು. ಅಂಥ ಗಾಜಿನ ನಡುಪದರ ಮೇಲಿನಿಂದ ಕೆಳಕ್ಕೆ ತುಸು ಬೆಣೆಯಾಕಾರದಲ್ಲಿರುತ್ತದೆ. ಸಾದಾ ಗಾಜು ಹಾಕಿದರೆ ಅಂಕಿ ಎರಡೆರಡಾಗಿ ಕಾಣುತ್ತದೆ. ಚಾಸಿಸ್ ನಂಬರ್ ಕೊಟ್ಟೇ ತರಿಸಿ. ಮೂಲೆಯ ಮುದ್ರೆಯನ್ನೂ ಓದಿ: ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಅಂಕಿ ಇದ್ದರೆ ವಿಶ್ವಸಂಸ್ಥೆಯ 43ನೇ ನಿಯಮದ ಪ್ರಕಾರ ಪಾಸಾದ ಗಾಜು, ಎಎಸ್1 ಎಂದಿದ್ದರೆ ಅಮೆರಿಕದ ಮಾನದಂಡದ ಪ್ರಕಾರ ಮುಂದಿನ ಗಾಜಿಗೆ ಯೋಗ್ಯವಾದದ್ದು.

ಹಳೆಯ ಗಾಡಿಗಳಲ್ಲಿ ಗಾಜಿಗೆ ಅಂಟೇ ಇರುವುದಿಲ್ಲ, ದಪ್ಪ ರಬ್ಬರ್ ಬೀಡಿಂಗ್ ಅದನ್ನು ಹಿಡಿದಿರುತ್ತದೆ. ಅದರ ಕ್ರಮವೇ ಬೇರೆ: ಹೊಸ ಬೀಡಿಂಗನ್ನು ಗಾಜಿನ ಸುತ್ತ ತೊಡಿಸಿ, ಅದರಲ್ಲಿ ತಗಡು ಕೂರುವ ತೋಡಿನೊಳಗೆ ಹಗ್ಗ ಸುತ್ತಿ, ಸೋಪುನೀರು ಸವರಿ, ಹೊರಗಿನವರು ಗಾಜು ಒತ್ತುತ್ತಿದ್ದಂತೆ ಒಳಗಿನವರು ಹಗ್ಗ ಎಳೆಯುತ್ತಾ ಹೋದರೆ ರಬ್ಬರಿನ ತುಟಿ ತಗಡಿನ ಮೇಲೆ ಹತ್ತಿ ಕೂರುತ್ತದೆ. ಇನ್ನು ಮುಂದೆ ಹೇಳುವುದೆಲ್ಲ ಅಂಟಿಸಿದ ಗಾಜಿನ ಮಾತು.

ಕೈಗೆ ಸಿಗುವಂತಿರಬೇಕಾದದ್ದು

ಕಾರಿನ ಗಾಜಿಗೆಂದೇ ತಯಾರಾದ ಯುರೆಥೇನ್ ಅಂಟು, ಅದೇ ಕಂಪನಿಯ ಕ್ಲೀನರ್, ಅಂಟು ಚೆನ್ನಾಗಿ ಹಿಡಿಯಲೆಂದು ಮೊದಲು ಹಚ್ಚುವ ಗಾಜಿನ ಪ್ರೈಮರ್, ತಗಡಿನ ಪ್ರೈಮರ್. ಒಬ್ಬರ ಅಂಟಿಗೆ ಇನ್ನೊಬ್ಬರ ಪ್ರೈಮರ್ ಬೆರೆಸಬೇಡಿ. ಟ್ಯೂಬಿನ ಮೇಲಿನ ಅವಧಿ ದಿನಾಂಕ ಮುಗಿದಿದ್ದರೆ ಸೀದಾ ಕಸಕ್ಕೆ. ಕಟ್ಟಡದ ಕೆಲಸಕ್ಕೆ ಬಳಸುವ ಸಿಲಿಕಾನ್ ಇಲ್ಲಿ ಬೇಡವೇ ಬೇಡ. ಅದಕ್ಕೆ ಗಾಜನ್ನು ಅಪಘಾತದಲ್ಲಿ ಹಿಡಿದಿಡುವ ಶಕ್ತಿ ಇಲ್ಲ, ಮೇಲಾಗಿ ಒಮ್ಮೆ ತಗಡಿಗೆ ಸವರಿದರೆ ಮುಂದೆ ಯುರೆಥೇನ್ ಕೂಡ ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ.

ಅಂಟಿನ ಗನ್ ಆದಷ್ಟೂ ಬ್ಯಾಟರಿಯದಿರಲಿ. ಯುರೆಥೇನ್ ಬಲು ಗಟ್ಟಿ, ಕೈಗನ್ನಿನಲ್ಲಿ ಒತ್ತುತ್ತಾ ಹೋದರೆ ಅರ್ಧ ಸುತ್ತಿಗೇ ಮುಷ್ಟಿ ಸೋತು ಗೆರೆ ಏರುಪೇರಾಗುತ್ತದೆ. ಇನ್ನು ಕತ್ತರಿಸುವ ತಂತಿ ಮತ್ತು ಹಿಡಿಕೆಗಳು, ಉದ್ದ ಬ್ಲೇಡಿನ ಗಾಜು ಬಿಚ್ಚುವ ಚಾಕು, ಅಗಲ ಉಳಿಯಂಥ ಸ್ಕ್ರೇಪರ್, ಎರಡು ಸಕ್ಷನ್ ಕಪ್, ಮಾಸ್ಕಿಂಗ್ ಟೇಪ್, ನೂಲು ಬಿಡದ ಬಟ್ಟೆ. ಕಣ್ಣಿಗೆ ಕನ್ನಡಕ, ಬಿಚ್ಚುವಾಗ ಕುಯ್ಯದ ಗ್ಲೌಸ್, ಅಂಟಿನ ಕೆಲಸಕ್ಕೆ ನೈಟ್ರೈಲ್ ಗ್ಲೌಸ್, ಉದ್ದ ತೋಳಿನ ಅಂಗಿ. ಹಸಿ ಯುರೆಥೇನ್‌ನಲ್ಲಿ ಉಸಿರಾಟವನ್ನು ಕೆಣಕುವ ಐಸೊಸೈನೇಟ್ ಎಂಬ ರಾಸಾಯನಿಕ ಇರುವುದರಿಂದ ಗಾಳಿಯಾಡುವ ಜಾಗ ಬೇಕು. ಅಸ್ತಮಾ ಇದ್ದವರು ಈ ಹಂತದಿಂದ ದೂರ ಉಳಿಯುವುದು ಲೇಸು. ಎರಡನೇ ಆಳು ಬೇಕೇ ಬೇಕು. ಗಾಜು ಹತ್ತು-ಹದಿನೈದು ಕಿಲೋ ತೂಗುತ್ತದೆ, ತೂಕಕ್ಕಿಂತ ಅದರ ಅಗಲವೇ ಕಷ್ಟ.

ಬಿಚ್ಚುವುದು

ಗಾಡಿ ಸಮತಟ್ಟಾದ ನೆಲದಲ್ಲಿ, ನೆರಳಿನಲ್ಲಿ, ಧೂಳಿಲ್ಲದ ಕಡೆ ನಿಲ್ಲಲಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಗಾಡಿಯ ಕೈಪಿಡಿ ಹೇಳುವಷ್ಟು ಹೊತ್ತು ಕಾಯಿರಿ. ಪಕ್ಕದ ಕಂಬಗಳ ಹೊದಿಕೆಯ ಹಿಂದೆ, ಕಿಟಕಿಗೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರಬಹುದು. ವೈಪರ್ ತೋಳು ನಿಂತ ಜಾಗವನ್ನು ಟೇಪಿನಿಂದ ಗಾಜಿನ ಮೇಲೆ ಗುರುತಿಸಿ ಫೋಟೋ ತೆಗೆದುಕೊಂಡು ಬಿಚ್ಚಿ, ಆಮೇಲೆ ಗಾಜಿನ ಬುಡದ ಪ್ಲಾಸ್ಟಿಕ್ ಹೊದಿಕೆ, ಕಂಬದ ಹೊದಿಕೆ, ಕನ್ನಡಿ, ಸೆನ್ಸರ್. ಇವು ಕ್ಲಿಪ್ಪಿನ ಮೇಲೆ ನಿಂತಿರುತ್ತವೆ. ಚಳಿಯಲ್ಲಿ ಎಳೆದರೆ ಮುರಿಯುತ್ತವೆ, ಮುರಿದರೆ ಆಮೇಲೆ ಕಟಕಟ ಸದ್ದಿನ ಕಾಟ. ಬಾನೆಟ್, ಡ್ಯಾಶ್‌ಬೋರ್ಡ್, ಸೀಟಿಗೆ ದಪ್ಪ ಹೊದಿಕೆ ಹಾಕಿ. ಏಸಿಯ ಗಾಳಿ ಬರುವ ಸೀಳುಗಳನ್ನು ಟೇಪಿನಿಂದ ಮುಚ್ಚುವುದು ಮರೆಯಬೇಡಿ. ಒಳಗೆ ಬಿದ್ದ ಗಾಜಿನ ಪುಡಿ ಮುಂದೊಂದು ದಿನ ಫ್ಯಾನ್ ಹಾಕಿದಾಗ ಮುಖಕ್ಕೇ ಬರುತ್ತದೆ.

ಅಂಟು ಕುಯ್ಯಲು ತಂತಿ ನನಗೆ ಇಷ್ಟ. ಚಾಕುವಿಗಿಂತ ನಿಧಾನ, ಆದರೆ ಬಣ್ಣಕ್ಕೆ ಗೀರು ಕಡಿಮೆ. ಕೆಳಗಿನ ಮೂಲೆಯ ಬಳಿ ಅಂಟಿನಲ್ಲಿ ದಬ್ಬಣದಿಂದ ತೂತು ಮಾಡಿ ತಂತಿ ತೂರಿಸಿ, ಒಂದು ತುದಿ ಒಳಗಿನವರ ಕೈಗೆ, ಇನ್ನೊಂದು ಹೊರಗಿನವರ ಕೈಗೆ. ಗರಗಸದಂತೆ ಹಿಂದೆ ಮುಂದೆ ಎಳೆಯುತ್ತಾ, ತಂತಿಯನ್ನು ಆದಷ್ಟೂ ಗಾಜಿಗೇ ಒತ್ತಿ ಹೋಗಿ. ಹೀಗೆ ಮಾಡಿದರೆ ಹಳೆಯ ಅಂಟು ತಗಡಿನ ಮೇಲೇ ಉಳಿಯುತ್ತದೆ, ಅದು ಬೇಕು. ಬಿರಬಿರನೆ ಎಳೆದರೆ ತಂತಿ ಕಾದು ತುಂಡಾಗುತ್ತದೆ, ತುಂಡಾದ ತುದಿ ಚಾಟಿಯಂತೆ ಬಡಿಯುತ್ತದೆ. ಸುತ್ತು ಪೂರ್ತಿಯಾದ ಮೇಲೆ ಗಾಜು ಸಲೀಸಾಗಿ ಏಳಬೇಕು. ಏಳದಿದ್ದರೆ ಎಲ್ಲೋ ಅಂಟು ಉಳಿದಿದೆ, ಮೀಟಬೇಡಿ. ಕೆಳಗಿಡುವಾಗ ಮೂಲೆಯ ಮೇಲೆ ನಿಲ್ಲಿಸದೆ ಕಂಬಳಿಯ ಮೇಲೆ ಮಲಗಿಸಿ.

ತಗಡಿನ ಅಂಚು

ಗಾಜು ಕೂರುವ ತಗಡಿನ ಅಂಚಿಗೆ ಕಸುಬಿನವರು ಪಿಂಚ್‌ವೆಲ್ಡ್ ಎನ್ನುತ್ತಾರೆ. ನನ್ನ ಕಾರು ಕೆಟ್ಟದ್ದು ಇಲ್ಲಿಯೇ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಹಳೆಯ ಅಂಟನ್ನೆಲ್ಲ ಕೆರೆದು ಹೊಳೆಯುವ ತಗಡು ಕಾಣಿಸಿದರೆ ಶುಚಿಯಾಯಿತು ಎಂದು ಹೊಸಬರಿಗೆ ಅನಿಸುತ್ತದೆ. ತಪ್ಪು. ಕಾರ್ಖಾನೆಯಲ್ಲಿ ಹಾಕಿದ ಅಂಟು ಬಣ್ಣಕ್ಕೆ ಹಿಡಿದಷ್ಟು ಗಟ್ಟಿಯಾಗಿ ನಾವು ಹಾಕಿದ್ದು ಹಿಡಿಯುವುದು ಕಷ್ಟ. ಆದ್ದರಿಂದ ಅಗಲ ಬ್ಲೇಡಿನಿಂದ ಹಳೆಯ ಅಂಟನ್ನು ಸೀಳುತ್ತಾ ಹೋಗಿ ಒಂದೆರಡು ಮಿಲಿಮೀಟರ್ ದಪ್ಪ ಉಳಿಸಬೇಕು. ಹೊಸ ಯುರೆಥೇನಿಗೆ ಆಗಷ್ಟೇ ಕುಯ್ದ ಹಳೆಯ ಯುರೆಥೇನಿಗಿಂತ ಒಳ್ಳೆಯ ನೆಲ ಇಲ್ಲ. ಸರಿಯಾಗಿ ಕುಯ್ದ ಮೇಲ್ಮೈ ಕಪ್ಪಗೆ, ರಬ್ಬರಿನಂತೆ ನಯವಾಗಿ ಕಾಣುತ್ತದೆ. ಎಲ್ಲಾದರೂ ಪಟ್ಟಿ ತಾನಾಗಿ ಸುಲಿದು ಬಂದರೆ ಅಷ್ಟು ಜಾಗದಲ್ಲಿ ಅದು ಹಿಡಿದೇ ಇರಲಿಲ್ಲ, ಅದನ್ನು ಪೂರ್ತಿ ತೆಗೆಯಿರಿ.

ಕೊನೆಯ ಸೀಳು ಅಂಟು ಹಾಕುವುದಕ್ಕೆ ತುಸು ಮುಂಚೆ ಇರಲಿ. ಕುಯ್ದ ಮೇಲೆ ಬರಿಗೈ ತಾಗಿಸಬೇಡಿ, ಬೆರಳಿನ ಜಿಡ್ಡು ಸಾಕು ಕೆಲಸ ಕೆಡಲು. ಡ್ಯಾಶ್‌ಬೋರ್ಡಿಗೆ ಹಾಕುವ ಹೊಳಪಿನ ಪಾಲಿಶ್‌ನಲ್ಲಿ ಸಿಲಿಕಾನ್ ಇರುವುದರಿಂದ ಆ ಬಟ್ಟೆ ಈ ಸುತ್ತಮುತ್ತ ಸುಳಿಯದಿರಲಿ.

ಬಣ್ಣ ಗೀಚಿ ತಗಡು ಕಂಡ ಕಡೆಗಳಿಗೆ ತಗಡಿನ ಪ್ರೈಮರ್ ಸಣ್ಣ ಬ್ರಷ್ಷಿನಿಂದ ತೆಳ್ಳಗೆ ಹಚ್ಚಿ, ಬಾಟಲಿ ಹೇಳುವಷ್ಟು ಹೊತ್ತು ಒಣಗಲು ಬಿಡಿ. ತುಕ್ಕಿದ್ದರೆ ಅದರ ಮೇಲೆ ಪ್ರೈಮರ್ ಹೊದಿಸಿ ಕಣ್ಣುಮುಚ್ಚಿಕೊಳ್ಳಬೇಡಿ. ಉಜ್ಜಿ ಬಿಳಿ ತಗಡು ಬರಿಸಬೇಕು, ತೂತು ಬಿದ್ದಿದ್ದರೆ ಟಿಂಕರಿಂಗ್ ಮಾಡಿಸಬೇಕು. ಅಂದು ಗಾಜು ಕೂರದೇ ಹೋಗಬಹುದು. ನನ್ನದು ಎರಡು ದಿನ ಪ್ಲಾಸ್ಟಿಕ್ ಹೊದ್ದು ನಿಂತಿತ್ತು.

ಹೊಸ ಗಾಜಿನ ತಯಾರಿ

ಮೊದಲು ಅಂಟಿಲ್ಲದೆ ಒಮ್ಮೆ ಕೂರಿಸಿ ನೋಡಿ. ಕೆಳಗೆ ಕೂರುವ ರಬ್ಬರ್ ತುಂಡುಗಳ ಮೇಲೆ ಗಾಜು ನಿಂತು, ಎರಡೂ ಬದಿಯ ಸಂದು ಸಮವಾಗಿರಬೇಕು. ಸರಿಯಾದ ಜಾಗಕ್ಕೆ ಬಂದಾಗ ಗಾಜಿಗೂ ಛಾವಣಿಗೂ ಸೇರಿಸಿ ಟೇಪ್ ಅಂಟಿಸಿ, ಆ ಟೇಪನ್ನು ಸಂದಿನ ನೇರಕ್ಕೆ ಕುಯ್ಯಿರಿ. ಅಂಟು ಹಾಕಿದ ಮೇಲೆ ಎರಡು ತುಂಡುಗಳನ್ನು ಎದುರುಬದುರು ತಂದರೆ ಸಾಕು. ಈ ಒಂದು ಉಪಾಯ ಇಲ್ಲದಿದ್ದರೆ ಹಸಿ ಅಂಟಿನ ಮೇಲೆ ಗಾಜನ್ನು ಅತ್ತಿತ್ತ ಜಾರಿಸುವ ಪಾಡು ತಪ್ಪುವುದಿಲ್ಲ.

ಗಾಜಿನ ಸುತ್ತಲಿನ ಕಪ್ಪು ಪಟ್ಟಿ ಅಂದಕ್ಕೆ ಇರುವುದಲ್ಲ. ಸುಟ್ಟು ಹಿಡಿಸಿದ ಸೆರಾಮಿಕ್ ಬಣ್ಣ ಅದು, ಬಿಸಿಲಿನ ಅತಿನೇರಳೆ ಕಿರಣ ಅಂಟನ್ನು ತಿನ್ನದಂತೆ ಕಾಯುತ್ತದೆ. ಅಂಟಿನ ಗೆರೆ ಆ ಪಟ್ಟಿಯೊಳಗೇ ಇರಬೇಕು. ಪಟ್ಟಿಯನ್ನು ಕ್ಲೀನರ್‌ನಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿ. ಪ್ರೈಮರ್ ಬಾಟಲಿಯನ್ನು ಒಳಗಿನ ಗುಂಡುಗಳು ಕಟಕಟ ಎನ್ನುವಂತೆ ಚೆನ್ನಾಗಿ ಕುಲುಕಿ, ಒಂದೇ ದಿಕ್ಕಿಗೆ, ಒಂದೇ ಪದರವಾಗಿ ಹಚ್ಚಿ. ಪ್ರೈಮರ್ ಹಚ್ಚಲು ಒಮ್ಮೆ ಅದ್ದಿದ ಬತ್ತಿಯನ್ನು ಮತ್ತೆ ಬಾಟಲಿಗೆ ಇಳಿಸಿದರೆ ಬಾಟಲಿಯೆಲ್ಲ ಮೈಲಿಗೆ.

ಅಂಟು ಹಾಕಿ ಕೂರಿಸುವುದು

ಟ್ಯೂಬಿನ ಮೂತಿಯನ್ನು ತ್ರಿಕೋನದಂತೆ ಕುಯ್ಯಬೇಕು: ಬುಡ ಸುಮಾರು 8 ಮಿ.ಮೀ., ಎತ್ತರ 12 ಮಿ.ಮೀ. ಗುಂಡಗಿನ ಗೆರೆಗಿಂತ ಈ ಚೂಪು ಗೆರೆ ಗಾಜು ಒತ್ತಿದಾಗ ಸಮನಾಗಿ ಹರಡುತ್ತದೆ, ಒಳಗೆ ಗಾಳಿ ಸಿಕ್ಕಿಕೊಳ್ಳುವುದಿಲ್ಲ. ಗೆರೆಯನ್ನು ಗಾಜಿನ ಮೇಲೆ ಎಳೆಯುವವರೂ ಇದ್ದಾರೆ, ತಗಡಿನ ಮೇಲೆ ಎಳೆಯುವವರೂ ಇದ್ದಾರೆ. ನನಗೆ ತಗಡೇ ಸರಿ, ಕುಯ್ದ ಹಳೆಯ ಅಂಟಿನ ದಾರಿ ಕಣ್ಣಿಗೆ ಕಾಣುತ್ತಿರುತ್ತದೆ.

ಮೂಲೆಯಿಂದ ಶುರುಮಾಡಬೇಡಿ. ಕೆಳಗಿನ ಅಂಚಿನ ನಡುವಿನಿಂದ ಹೊರಟು, ಗನ್ನನ್ನು ನೆಟ್ಟಗೆ ಹಿಡಿದು, ಒಂದೇ ಓಟದಲ್ಲಿ ಸುತ್ತು ಹಾಕಿ ಅಲ್ಲಿಗೇ ಬನ್ನಿ. ತುದಿ ಸೇರುವಲ್ಲಿ ಒಂದನ್ನೊಂದು ಸ್ವಲ್ಪ ಹಾಯುವಂತೆ ಮಾಡಿ ಸಣ್ಣ ಕಡ್ಡಿಯಿಂದ ಬೆಸೆಯಿರಿ. ನಡುವೆ ಗುಳ್ಳೆ ಸಿಡಿದು ಗೆರೆ ತುಂಡಾದರೆ ಅಲ್ಲಿಯೇ ತುಂಬಿ ಮುಂದೆ ಹೋಗಿ. ನಮಗೆ ಸೋರಿದ ಮೂಲೆಯಲ್ಲಿದ್ದದ್ದು ಗೋಧಿಕಾಳಿನಷ್ಟು ಅಗಲದ ಒಂದು ಬಿಡುವು, ಅಷ್ಟೇ. ಗಾಜು ಕೂರುವ ಮೊದಲು ಯಾರಾದರೂ ಬಗ್ಗಿ ನೋಡಿದ್ದರೆ ಕಾಣುತ್ತಿತ್ತು.

ಇನ್ನು ತಡ ಮಾಡುವಂತಿಲ್ಲ. ಯುರೆಥೇನ್ ಗಾಳಿಯ ತೇವದಿಂದ ಗಟ್ಟಿಯಾಗುತ್ತದೆ, ಗೆರೆ ಎಳೆದ ಕ್ಷಣದಿಂದಲೇ ಹೊರಗೆ ಕೆನೆ ಕಟ್ಟತೊಡಗುತ್ತದೆ. ಹತ್ತು ನಿಮಿಷದೊಳಗೆ ಗಾಜು ಕೂರಬೇಕು. ಇಬ್ಬರೂ ಸಕ್ಷನ್ ಕಪ್ ಹಿಡಿದು ಎತ್ತಿ, ಮೊದಲು ಕೆಳಗಿನ ಅಂಚನ್ನು ರಬ್ಬರ್ ತುಂಡುಗಳ ಮೇಲೆ ಇಳಿಸಿ, ಟೇಪಿನ ಗುರುತು ಸೇರಿಸಿ, ಆಮೇಲೆ ಮೇಲಿನ ಅಂಚನ್ನು ಮೆಲ್ಲಗೆ ಮಲಗಿಸಿ. ಅಂಗೈಯಿಂದ ಸುತ್ತ ಸಮನಾಗಿ ಒತ್ತಿ, ಗುದ್ದಬೇಡಿ. ಕೂರಿಸಿದ ಮೇಲೆ ಇಷ್ಟವಾಗಲಿಲ್ಲವೆಂದು ಎತ್ತಿದರೆ ಆ ಗೆರೆ ಮುಗಿಯಿತು, ತೆಗೆದು ಹೊಸದೇ ಹಾಕಬೇಕು. ಗಾಜಿನಿಂದ ಛಾವಣಿಗೆ ನಾಲ್ಕೈದು ಕಡೆ ಟೇಪ್ ಬಿಗಿದು, ಒಂದು ಪಕ್ಕದ ಕಿಟಕಿಯನ್ನು ಬೆರಳು ತೂರುವಷ್ಟು ಇಳಿಸಿಡಿ. ಎಲ್ಲ ಮುಚ್ಚಿಟ್ಟು ಬಾಗಿಲು ಧಡಕ್ಕನೆ ಹಾಕಿದರೆ ಒಳಗಿನ ಗಾಳಿ ಹಸಿ ಅಂಟನ್ನು ಹೊರಕ್ಕೆ ದಬ್ಬುತ್ತದೆ.

ಕಾಯುವುದು

ಅಂಟಿನ ಟ್ಯೂಬಿನ ಮೇಲೆ ಅಥವಾ ಅದರ ಹಾಳೆಯಲ್ಲಿ ಗಾಡಿ ಓಡಿಸಬಹುದಾದ ಕನಿಷ್ಠ ಅವಧಿ ಕೊಟ್ಟಿರುತ್ತಾರೆ. ಕೆಲವದಕ್ಕೆ ಒಂದು ಗಂಟೆ ಸಾಕು, ಕೆಲವದಕ್ಕೆ ಇಡೀ ದಿನ ಬೇಕು. ಏರ್‌ಬ್ಯಾಗ್ ಇದ್ದ ಗಾಡಿಗೆ ಬೇರೆ ಅವಧಿ ಇರಬಹುದು, ಅದನ್ನು ಬಿಡದೆ ಓದಿ. ಆ ಲೆಕ್ಕ ಒಂದು ನಿರ್ದಿಷ್ಟ ಉಷ್ಣತೆ ಮತ್ತು ತೇವಕ್ಕೆ ಬರೆದದ್ದು. ಒಣ ಚಳಿಯಲ್ಲಿ ಅದೇ ಅಂಟಿಗೆ ಹೆಚ್ಚು ಹೊತ್ತು ಬೇಕು. ಸಾಮಾನ್ಯ ಯುರೆಥೇನ್ 23 ಡಿಗ್ರಿ, ಶೇಕಡಾ 50 ತೇವದಲ್ಲಿ ದಿನಕ್ಕೆ ಮೂರ್ನಾಲ್ಕು ಮಿಲಿಮೀಟರ್ ಒಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಅಂದರೆ ಓಡಿಸಬಹುದು ಎಂದ ಹೊತ್ತಿಗೂ ಗೆರೆಯ ನಡುಭಾಗ ಹಸಿಯೇ.

ಒಂದು ದಿನ ಟೇಪ್ ಕೀಳಬೇಡಿ, ಹಳ್ಳಕೊಳ್ಳದ ದಾರಿ ಬೇಡ, ಬಾಗಿಲು ಮೆಲ್ಲಗೆ. ಜೋರು ಒತ್ತಡದ ನೀರಿನ ಪೈಪು ಎರಡು ದಿನ ಹತ್ತಿರ ಬರದಿರಲಿ. ಮಳೆ ಬಂದರೆ ಗಾಬರಿ ಬೇಡ, ತೇವ ಅಂಟಿಗೆ ಒಳ್ಳೆಯದೇ.

ಕ್ಯಾಮೆರಾ, ಸೆನ್ಸರ್

ಮಳೆ ಸೆನ್ಸರ್ ಮತ್ತು ಗಾಜಿನ ನಡುವಿನ ಜೆಲ್ ಪ್ಯಾಡ್ ಹೊಸದು ಹಾಕಿ. ನಡುವೆ ಗಾಳಿಗುಳ್ಳೆ ಉಳಿದರೆ ಬಿಸಿಲಿನಲ್ಲೂ ವೈಪರ್ ಆಡುತ್ತದೆ.

ಲೇನ್ ಕಾಯುವ, ತಾನಾಗಿ ಬ್ರೇಕ್ ಹಾಕುವ ಕ್ಯಾಮೆರಾ ಇದ್ದರೆ ಕ್ಯಾಲಿಬ್ರೇಶನ್, ಅಂದರೆ ಅದರ ನೋಟದ ಲೆಕ್ಕವನ್ನು ಮತ್ತೆ ಹೊಂದಿಸುವುದು, ಮಾಡಿಸದೆ ಕೆಲಸ ಮುಗಿದಿಲ್ಲ. ಕ್ಯಾಮೆರಾ ಒಂದೇ ಒಂದು ಡಿಗ್ರಿ ಓರೆಯಾದರೂ 50 ಮೀಟರ್ ದೂರದಲ್ಲಿ ಅದರ ಲೆಕ್ಕ 87 ಸೆಂಟಿಮೀಟರ್ ತಪ್ಪುತ್ತದೆ. ಕೆಲವು ಗಾಡಿಗೆ ಸಮತಟ್ಟು ನೆಲದಲ್ಲಿ ಅಳತೆಯ ದೂರಕ್ಕೆ ಗುರಿಫಲಕ ನಿಲ್ಲಿಸಿ ಮಾಡುತ್ತಾರೆ, ಕೆಲವಕ್ಕೆ ಗೆರೆಗಳಿರುವ ರಸ್ತೆಯಲ್ಲಿ ಓಡಿಸಿ ಮಾಡುತ್ತಾರೆ, ಕೆಲವಕ್ಕೆ ಎರಡೂ ಬೇಕು. ಇದು ಸ್ಕ್ಯಾನರ್ ಇದ್ದವರ ಕೆಲಸ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತಿಲ್ಲ ಎಂಬುದನ್ನು ನಂಬಿ ಬಿಡಬೇಡಿ. ಇಂಥ ಗಾಡಿಯಿದ್ದರೆ ಇಡೀ ಕೆಲಸವನ್ನೇ ಬಲ್ಲವರಿಗೆ ಕೊಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಬೇರೆಯವರಿಗೆ ಕೊಟ್ಟಾಗ

ನಾಲ್ಕು ಕೇಳಿ: ಯಾವ ಅಂಟು, ಅವಧಿ ಯಾವಾಗ ಮುಗಿಯುತ್ತದೆ, ಗೀರಿಗೆ ಪ್ರೈಮರ್ ಹಾಕುತ್ತೀರಾ, ಎಷ್ಟು ಹೊತ್ತು ಓಡಿಸಬಾರದು. ಕೊನೆಯ ಪ್ರಶ್ನೆಗೆ "ಈಗಲೇ ಒಯ್ಯಿರಿ ಸಾರ್, ಏನೂ ಆಗಲ್ಲ" ಎಂದರೆ ಅಂಟಿನ ಟ್ಯೂಬ್ ತೋರಿಸಲು ಹೇಳಿ. ಹಳೆಯ ಗಾಜು ಎತ್ತಿದ ಮೇಲೆ ತಗಡಿನ ಅಂಚಿನ ಸುತ್ತ ಒಂದು ವಿಡಿಯೋ ತೆಗೆದುಕೊಳ್ಳಿ.

ಎರಡು ದಿನ ಕಳೆದ ಮೇಲೆ ಸೋರಿಕೆ ನೋಡುವುದು. ಹೊರಗೆ ಪೈಪಿನಿಂದ ಒತ್ತಡವಿಲ್ಲದ ನೀರು, ಕೆಳಗಿನ ಅಂಚಿನಿಂದ ಶುರುಮಾಡಿ ನಿಧಾನ ಮೇಲಕ್ಕೆ. ಮೇಲಿನಿಂದ ಬಿಟ್ಟರೆ ನೀರು ಎಲ್ಲ ಕಡೆ ಹರಿದು ಯಾವ ಜಾಗ ಸೋರಿತು ಎಂದೇ ತಿಳಿಯುವುದಿಲ್ಲ. ಒಳಗೆ ಕಂಬದ ಹೊದಿಕೆಯನ್ನು ಇನ್ನೂ ಹಾಕದೆ, ಒಣ ಪೇಪರ್ ಟವೆಲ್ಲನ್ನು ಅಂಚಿಗೆ ಒತ್ತುತ್ತಾ ಹೋಗಿ. ನನ್ನ ಕಾರಿಗೆ ಎರಡನೇ ಸಲ ಗಾಜು ಕೂರಿಸಿದ ಮೇಲೆ ಹೀಗೆ ಇಡೀ ಸುತ್ತು ಒತ್ತಿದ ಪೇಪರ್ ಒಣಗಿದ್ದಂತೆಯೇ ಹೊರಬಂತು. ಹೊದಿಕೆಯ ಕ್ಲಿಪ್ಪುಗಳನ್ನು ಒತ್ತಿ ಕೂರಿಸಿದ್ದು ಆಮೇಲೆ.